ಕೊರಳೊಳಗಿನ ಉಕ್ಕಿನ ಸರಳು

ವಿದ್ಯುತ್ ಗಿಟಾರಿನ ಕೊರಳೊಳಗೆ ಉಕ್ಕಿನ ಸರಳೊಂದು ಅಡಗಿರುತ್ತದೆಂಬ ಸಂಗತಿಯನ್ನು ಆ ವಾದ್ಯವನ್ನು ನುಡಿಸುವವರಲ್ಲಿಯೂ ಅನೇಕರು ಅರಿಯರು. ಅದು ಕೆಟ್ಟಾಗ ಮಾತ್ರ ಅದರ ಇರವು ತಿಳಿದುಬರುತ್ತದೆ. ಆರು ತಂತಿಗಳನ್ನು ಶ್ರುತಿಗೇರಿಸಿದೊಡನೆ ಅವೆಲ್ಲವೂ ಕೂಡಿ ಸುಮಾರು ೪೫ ಕಿಲೋಗ್ರಾಂ ಭಾರದಷ್ಟು ಬಲದಿಂದ ಕೊರಳನ್ನು ಮುಂದಕ್ಕೆ ಸೆಳೆಯುತ್ತವೆ. ನಮ್ಮ ವೀಣೆಯ ದಂಡಿಯಷ್ಟು ದಪ್ಪವಾದುದಲ್ಲ ಅದು. ಎಡಗೈಯ ಹಿಡಿಗೆ ಸಿಕ್ಕುವಷ್ಟು ತೆಳುವಾದ ಮರ. ಆಸರೆಯಿಲ್ಲದಿದ್ದರೆ ವರ್ಷಗಳು ಕಳೆದಂತೆ ಬಿಲ್ಲಿನಂತೆ ಬಾಗುತ್ತದೆ. ಆಗ ತಂತಿಗಳು ಬೆರಳುಹಲಗೆಯಿಂದ ದೂರ ಸರಿದು, ಒತ್ತುವ ಬೆರಳು ನೋಯುತ್ತದೆ, ಸ್ವರವೂ ತಪ್ಪುತ್ತದೆ.

ಈ ಬಾಗನ್ನು ತಡೆಯುವ, ಬೇಕಾದಂತೆ ಬಿಗಿಯಬಹುದಾದ ಸರಳಿಗೆ ಅಮೆರಿಕದ ಕಲಮಜೂ ನಗರದಲ್ಲಿದ್ದ ಗಿಬ್ಸನ್ ಸಂಸ್ಥೆಯ ಥ್ಯಾಡಿಯಸ್ ಮ್ಯಾಕ್‌ಹ್ಯೂ ಎಂಬವರು ೧೯೨೩ರಲ್ಲಿ ಪೇಟೆಂಟ್ ಪಡೆದರು. ಟ್ರಸ್ ರಾಡ್ ಎಂಬುದು ಅದರ ಹೆಸರು. ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಅವರ ಮೊದಮೊದಲ ಗಿಟಾರುಗಳ ಮೇಪಲ್ ಕೊರಳುಗಳಲ್ಲಿ ಇದು ಇರಲಿಲ್ಲ. ಆದರೆ ೧೯೫೦ ಮುಗಿಯುವುದರೊಳಗೇ ಅದನ್ನು ಅಳವಡಿಸಬೇಕಾಯಿತು. ಕೊರಳಿನ ಬೆನ್ನಿನಲ್ಲಿ ಗಾಡಿ ತೋಡಿ, ನಡುಭಾಗವು ಬೆನ್ನಿನತ್ತ ಬಾಗಿರುವಂತೆ ಸರಳನ್ನಿರಿಸಿ, ಮೇಲೆ ಅಕ್ರೋಟು ಮರದ ಕಂದು ಪಟ್ಟಿಯನ್ನು ಅಂಟಿಸಿದರು. ಸರಳಿನ ಒಂದು ತುದಿ ಮರದಲ್ಲಿ ಬಂಧಿತ, ಇನ್ನೊಂದು ತುದಿಗೆ ನಟ್ಟು. ನಟ್ಟನ್ನು ಬಿಗಿದಾಗ ಬಾಗಿದ ಸರಳು ನೆಟ್ಟಗಾಗಲೆಳಸಿ ಕೊರಳನ್ನು ಹಿಂದಕ್ಕೆ ಒತ್ತುತ್ತದೆ. ಎಷ್ಟು ಸರಳವಾದ ಉಪಾಯ!

ಕೆಡುವುದು ಬಹುತೇಕ ಈ ನಟ್ಟಿನ ತಾಣವೇ. ಬಾಗಿದ ಕೊರಳನ್ನು ಒಂದೇ ದಿನದಲ್ಲಿ ನೆಟ್ಟಗೆ ಮಾಡುವ ಆತುರದಿಂದ ಬಲವಾಗಿ ತಿರುಗಿಸಿದವರೇ ಅದರ ಥ್ರೆಡ್ಡನ್ನು ಸವೆಸುತ್ತಾರೆ. ಒಮ್ಮೆಗೆ ಕಾಲು ಸುತ್ತು ತಿರುಗಿಸಿ, ಮರಕ್ಕೆ ಬಿಡುವು ಕೊಡುವ ವ್ಯವಧಾನ ಅವರಿಗಿಲ್ಲ. ಆದುದರಿಂದ ಸರಳನ್ನೇ ಬದಲಿಸಲು ನಿಶ್ಚಯಿಸುವ ಮುನ್ನ ತಂತಿಗಳನ್ನು ಸಡಿಲಿಸಿ, ನಟ್ಟನ್ನು ಕಳಚಿ ನೋಡುವುದು ಯುಕ್ತ. ತುಕ್ಕು ಹಿಡಿದಿದ್ದರೆ ಶುಚಿಗೊಳಿಸಿ ಒಂದು ತೊಟ್ಟು ಎಣ್ಣೆ ಹಾಕಿದರೆ ಸಾಕಾದೀತು. ನಟ್ಟು ಥ್ರೆಡ್ಡಿನ ಕೊನೆ ಮುಟ್ಟಿ ನಿಂತಿದ್ದರೆ ಒಂದು ವಾಷರ್ ಸೇರಿಸಬಹುದು. ಥ್ರೆಡ್ಡೇ ಸವೆದಿದ್ದರೂ ಸುತ್ತಣ ಮರವನ್ನು ಕೊಂಚ ಬಿಡಿಸಿ, ಸರಳಿನ ಮೇಲೆ ಇನ್ನಷ್ಟು ಒಳಗೆ ಹೊಸ ಥ್ರೆಡ್ಡು ಕೊಯ್ಯಲು ಬರುತ್ತದೆ. ಸರಳು ಒಳಗೇ ತುಂಡಾಗಿದ್ದರೆ ಮಾತ್ರ ಬೇರೆ ದಾರಿಯಿಲ್ಲ.

ಆಗಲೂ ಉಳಿಯನ್ನು ಮೆಲ್ಲನೆ ನಡೆಸಬೇಕು. ಅಕ್ರೋಟಿನ ಪಟ್ಟಿಯನ್ನು ಅದರ ಅಗಲದೊಳಗೇ ಕೆತ್ತಿ ತೆಗೆಯಬೇಕು. ಅಕ್ಕಪಕ್ಕದ ಮೇಪಲ್ ಸೀಳಿದರೆ ಆ ಹಾನಿಗೆ ಪರಿಹಾರವಿಲ್ಲ. ಹೊಸ ಪಟ್ಟಿಯ ಒಳಮೈ ಸರಳಿನ ಬಾಗನ್ನೇ ಅನುಸರಿಸಬೇಕು. ಎಡೆ ಉಳಿದರೆ ಕೆಲವು ಸ್ವರಗಳನ್ನು ಮೀಟಿದಾಗ ಸರಳು ಒಳಗೊಳಗೇ ಗಡಗಡಿಸುತ್ತದೆ.

೧೯೫೮ರಿಂದ ಫೆಂಡರ್ ಗಿಟಾರುಗಳಿಗೆ ಬೀಟೆಯ ಬೆರಳುಹಲಗೆ ಬಂದಿತು. ಅವುಗಳಲ್ಲಿ ಸರಳು ಹಲಗೆಯ ಅಡಿಯಲ್ಲಿದೆ. ಇಲ್ಲಿ ಹಲಗೆಯನ್ನು ಹದವಾಗಿ ಕಾಯಿಸಿ, ಅಂಟು ಮೆತ್ತಗಾದಂತೆ ತೆಳುವಾದ ಅಲಗನ್ನು ತೂರಿಸುತ್ತ ಬಿಡಿಸಬೇಕು. ಕಾವು ಹೆಚ್ಚಾದರೆ ಹಲಗೆ ಸೊಟ್ಟಗಾಗುತ್ತದೆ. ಬಿಡಿಸುವ ಮೊದಲೇ ಎರಡು ಫ್ರೆಟ್‌ಗಳನ್ನು ಕಿತ್ತು, ಆ ಸೀಳುಗಳಲ್ಲಿ ಸಣ್ಣ ರಂಧ್ರ ಕೊರೆದಿಟ್ಟರೆ, ಮರಳಿ ಅಂಟಿಸುವಾಗ ಮೊಳೆಗಳನ್ನು ಅಲ್ಲಿರಿಸಿ ಹಲಗೆ ಜಾರದಂತೆ ತಡೆಯಬಹುದು.

ಎರಡೂ ಕಡೆಗೆ ಬಾಗಿಸಬಲ್ಲ ಇಂದಿನ ಜೋಡಿ ಸರಳನ್ನೇಕೆ ಹಾಕಬಾರದೆಂದು ಕೆಲವರು ಕೇಳುತ್ತಾರೆ. ಹೊಸ ಕೊರಳಿಗೆ ಅದು ಉತ್ತಮವೇ ಸರಿ. ಹಳೆಯದರಲ್ಲಾದರೋ ಅದಕ್ಕೆ ನೇರವಾದ, ಇನ್ನಷ್ಟು ದೊಡ್ಡ ಗಾಡಿ ಬೇಕು. ಈಗಾಗಲೇ ತೆಳುವಾಗಿರುವ ಮರವನ್ನು ಮತ್ತೆ ಕಡಿಯಬೇಕು. ಹಿಂದೆ ಇದ್ದ ಬಗೆಯ ಸರಳನ್ನೇ ಹಾಕುವುದು ಲೇಸೆಂಬುದು ನಮ್ಮ ಅಭಿಪ್ರಾಯ. ಸಂಗ್ರಾಹಕರ ದೃಷ್ಟಿಯಲ್ಲಿ ಇಂಥ ಗಿಟಾರಿನ ಬೆಲೆ ಇಳಿಯುವುದು ದಿಟ. ನುಡಿಸುವವನಿಗಂತೂ ಮೂಲೆ ಸೇರಿದ್ದ ವಾದ್ಯವು ಮರಳಿ ದೊರೆಯುತ್ತದೆ.

ಅಂಟು ಚೆನ್ನಾಗಿ ಒಣಗಿದ ಬಳಿಕ ತಂತಿ ಕಟ್ಟಿ, ಕೆಲವು ದಿನ ಹಾಗೆಯೇ ಬಿಟ್ಟು, ಅನಂತರ ನಟ್ಟನ್ನು ಸರಿಪಡಿಸಬೇಕು. ಫೆಂಡರ್ ಕೆಲಸಗಾರರು ಕೊರಳಿನ ಬುಡದಲ್ಲಿ ಪೆನ್ಸಿಲಿನಿಂದ ದಿನಾಂಕ ಬರೆಯುತ್ತಿದ್ದುದುಂಟು. ಸರಳು ಬದಲಿಸಿದವರೂ ಅದನ್ನು ಅಳಿಸದೆ, ತಮ್ಮ ದಿನಾಂಕವನ್ನು ಪಕ್ಕದಲ್ಲಿ ಬರೆದು, ಮುರಿದ ಸರಳನ್ನು ಗಿಟಾರಿನ ಪೆಟ್ಟಿಗೆಯಲ್ಲಿಯೇ ಇರಿಸಲಿ.