ಸದ್ದು ಹೆಚ್ಚಿದರೆ ಶಕ್ತಿ ಹೆಚ್ಚದು

ಕಾರಿನ ಸೈಲೆನ್ಸರ್ ಬದಲಿಸಿ ಸದ್ದು ಜೋರು ಮಾಡಿಸುವ ಹವ್ಯಾಸ ಬೆಂಗಳೂರಿಗಷ್ಟೇ ಸೀಮಿತವಲ್ಲ. ಹಿರಿಯೂರಿನಿಂದ ಹುಳಿಯಾರು ಹಾದು ಚಿಕ್ಕನಾಯಕನಹಳ್ಳಿಗೆ ಹೋಗುವ 150ಎ ಹೆದ್ದಾರಿಯಂಥ ರಸ್ತೆಗಳ ಬದಿಯಲ್ಲಿ ಮನೆ ಇರುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಪೊಲೀಸರು ಕಿತ್ತು ತಂದ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ, ಮೇಲೆ ರೋಡ್ ರೋಲರ್ ಹತ್ತಿಸುವ ದೃಶ್ಯವನ್ನೂ ರಾಜ್ಯದ ಹಲವು ಊರುಗಳು ಕಂಡಿವೆ. ಸದ್ದು ಮಾಡುವವರೂ ಅದನ್ನು ಅಡಗಿಸಲು ಹೊರಟವರೂ ಒಂದು ತಪ್ಪು ತಿಳಿವಳಿಕೆಯನ್ನು ಹಂಚಿಕೊಂಡಿದ್ದಾರೆ: ಒಳ್ಳೆಯ ಸದ್ದೆಂದರೆ ದೊಡ್ಡ ಸದ್ದು ಎಂಬುದು. ಇವೆರಡೂ ಬೇರೆ ಬೇರೆ. ಅವನ್ನು ಬೇರ್ಪಡಿಸುವ ಭಾಗವೇ ರೆಸೊನೇಟರ್. ಗ್ಯಾರೇಜಿನಲ್ಲಿ ಎಷ್ಟೋ ಸಲ ಮೊದಲು ಕತ್ತರಿಸಿ ಎಸೆಯುವುದೂ ಅದನ್ನೇ.

ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸಲ ಹೊಗೆಯನ್ನು ಪೈಪಿಗೆ ತಳ್ಳುತ್ತದೆ. ಮೂರು ಸಿಲಿಂಡರಿನದಾದರೆ 75 ಸಲ. ಎಕ್ಸಾಸ್ಟಿನ ಮೂಲ ಸ್ವರ ಅದು. ಅದರ ಮೇಲೆ ಎರಡು ಪಟ್ಟು, ಮೂರು ಪಟ್ಟು ಎತ್ತರದ ಸ್ವರಗಳು ಕೂಡಿಕೊಳ್ಳುತ್ತವೆ. ಸೈಲೆನ್ಸರಿನ ಡಬ್ಬಿ ಒಟ್ಟು ಸದ್ದನ್ನು ತಗ್ಗಿಸಿದರೆ, ರೆಸೊನೇಟರ್ ಆಯ್ದ ಸ್ವರಗಳನ್ನು ಹಿಡಿಯುತ್ತದೆ. ತೂತು ಕೊರೆದ ನೇರ ಪೈಪಿಗೆ ಗ್ಲಾಸ್‌ವೂಲ್ ಸುತ್ತಿದ ಬಗೆಯದು ಕಿವಿಗೆ ಚುಚ್ಚುವ ಕರ್ಕಶವನ್ನು ಹೀರಿಕೊಳ್ಳುತ್ತದೆ. ಇನ್ನೊಂದು ಬಗೆ, ಪಕ್ಕಕ್ಕೆ ಬೆಸೆದು ತುದಿ ಮುಚ್ಚಿದ ಕವಲು ಪೈಪು. ಅದರೊಳಗೆ ಹೊಕ್ಕ ಅಲೆ ತುದಿಗೆ ಬಡಿದು ಅರ್ಧ ಅಲೆಯಷ್ಟು ತಡವಾಗಿ ಮರಳಿ, ಎದುರು ಬರುವ ಅಲೆಯನ್ನು ಅಳಿಸುತ್ತದೆ. 300 ಡಿಗ್ರಿ ಸೆಲ್ಸಿಯಸ್ ಬಿಸಿಯ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 480 ಮೀಟರ್ ಓಡುವುದರಿಂದ, 100 ಹರ್ಟ್ಜ್‌ನ ಗುಂಯ್‌ಗುಡುವಿಕೆಯನ್ನು ಅಳಿಸಲು ಸುಮಾರು 1.2 ಮೀಟರ್ ಉದ್ದದ ಕವಲು ಬೇಕು. ಹೊಗೆ ತಣ್ಣಗಾದರೆ ಲೆಕ್ಕವೂ ಬದಲಾಗುತ್ತದೆ. ಮೂರನೆಯದಕ್ಕೆ, 1863ರಲ್ಲಿ ಸ್ವರಗಳ ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್‌ನ ಹೆಸರಿದೆ. ಎಳನೀರು ಕುಡಿದ ಬುರುಡೆಯ ಸಣ್ಣ ಬಾಯಿಗೆ ಅಡ್ಡವಾಗಿ ಊದಿದರೆ ಒಂದೇ ಸ್ವರ ಹೊರಡುವುದು ಯಾವ ನಿಯಮದಿಂದಲೋ, ಅದೇ ನಿಯಮದಿಂದ ಕಿರಿದಾದ ಕುತ್ತಿಗೆಯ ಈ ಡಬ್ಬಿ ಒಂದು ಸ್ವರವನ್ನು ನುಂಗುತ್ತದೆ. ಇವುಗಳ ಅಳತೆ ಕಣ್ಣಂದಾಜಿನಲ್ಲಿ ಆಗುವ ಕೆಲಸವಲ್ಲ. ದುಬಾರಿ ಕಾರುಗಳ ಗಂಭೀರ ದನಿಯನ್ನು ಮೆಚ್ಚುವವರು ಮೆಚ್ಚುತ್ತಿರುವುದು ಈ ಲೆಕ್ಕಾಚಾರವನ್ನೇ.

ರೆಸೊನೇಟರ್ ತೆಗೆದರೆ ಪಿಕಪ್ ಹೆಚ್ಚುತ್ತದೆ ಎಂಬ ವಾದವಿದೆ. ನೇರ ಪೈಪಿನ ರೆಸೊನೇಟರಿನಲ್ಲಿ ಹೊಗೆ ಅಡೆತಡೆಯಿಲ್ಲದೆ ಸಾಗುತ್ತದೆ; ಕವಲು ಪೈಪಿನೊಳಗಂತೂ ಹೊಗೆ ಹರಿಯುವುದೇ ಇಲ್ಲ, ಅಲೆ ಮಾತ್ರ ಹೋಗಿ ಬರುತ್ತದೆ. ಹಾಗಿರುವಾಗ ತೆಗೆದು ಗಳಿಸುವ ಶಕ್ತಿ ಎಲ್ಲಿಂದ ಬರಬೇಕು? 1.2 ಲೀಟರ್ ಎಂಜಿನ್ನಿಗೆ ಅಗತ್ಯಕ್ಕಿಂತ ದಪ್ಪ ಪೈಪು ಹಾಕಿದರೆ ಕಡಿಮೆ ವೇಗದಲ್ಲಿ ಪಿಕಪ್ ಕುಗ್ಗುವುದೂ ಉಂಟು. ಇತ್ತ ತಗ್ಗು ಸ್ವರದ ಗುಂಯ್‌ಗುಡುವಿಕೆ ಕಾರಿನೊಳಗೇ ತುಂಬಿಕೊಂಡು, ದೂರ ಪ್ರಯಾಣದಲ್ಲಿ ಕೂತವರ ತಲೆ ಸಿಡಿಯುವಂತೆ ಮಾಡುತ್ತದೆ. ಹೊರಗಿನವರಿಗೆ ಅದು ಇನ್ನೂ ಕಷ್ಟ, ಏಕೆಂದರೆ ತಗ್ಗು ಸ್ವರವನ್ನು ಮುಚ್ಚಿದ ಕಿಟಕಿಯೂ ಚೆನ್ನಾಗಿ ತಡೆಯಲಾರದು. ವಸತಿ ಪ್ರದೇಶದಲ್ಲಿ ಸದ್ದು ರಾತ್ರಿ 45 ಡೆಸಿಬಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಅದು ಸುತ್ತಲಿನ ಸರಾಸರಿಯ ಮಿತಿ, ಒಂದು ಕಾರಿನದಲ್ಲ, ನಿಜ. ಆದರೆ ನಿದ್ದೆ ಕೆಡಲು ಒಂದೇ ಕಾರು ಸಾಕು.

ಟ್ರ್ಯಾಕ್ಟರು, ಕಾಯಿ ತುಂಬಿದ ಲಾರಿಗಳ ಅಬ್ಬರ ಬಿಟ್ಟು ಹುಡುಗರ ಕಾರನ್ನೇ ಏಕೆ ಹಿಡಿಯಬೇಕು ಎಂಬ ಆಕ್ಷೇಪ ನ್ಯಾಯವಾದದ್ದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಕೃಷಿ ಟ್ರ್ಯಾಕ್ಟರಿಗೂ ಸೈಲೆನ್ಸರ್ ಕಡ್ಡಾಯ ಮಾಡಿದೆ. ತೂತು ಬಿದ್ದ ಸೈಲೆನ್ಸರ್ ಯಾರದಾದರೂ ಸರಿಪಡಿಸಲೇಬೇಕು. ಆದರೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಪರವಾನಗಿ ಆಗದು. ಸದ್ದು ಮೀರಿದ ವಾಹನ ಓಡಿಸಿದವರಿಗೆ ಮೋಟಾರು ವಾಹನ ಕಾಯ್ದೆಯ 190ನೇ ಕಲಂ 10,000 ರೂಪಾಯಿವರೆಗೆ ದಂಡ ಹಾಕುತ್ತದೆ, 52ನೇ ಕಲಂ ವಾಹನವನ್ನು ಮನಬಂದಂತೆ ಬದಲಿಸುವುದನ್ನೇ ತಡೆಯುತ್ತದೆ. ನನ್ನ ತಕರಾರು ಕಾನೂನು ಬಿಗಿಯಾಯಿತೆಂದಲ್ಲ; ಚೆನ್ನಾಗಿ ಮಾಡಿದ್ದಕ್ಕೂ ಕೆಟ್ಟದಾಗಿ ಮಾಡಿದ್ದಕ್ಕೂ ಅದು ವ್ಯತ್ಯಾಸ ತೋರಿಸುತ್ತಿಲ್ಲ ಎಂಬುದು. ಯುರೋಪಿನಲ್ಲಿ ಬದಲಿ ಸೈಲೆನ್ಸರುಗಳಿಗೆ ವಿಶ್ವಸಂಸ್ಥೆಯ 59ನೇ ನಿಯಮಾವಳಿಯಂತೆ ಪರೀಕ್ಷೆ ನಡೆಯುತ್ತದೆ, ಗೆದ್ದದ್ದಕ್ಕೆ ಮುದ್ರೆ ಬೀಳುತ್ತದೆ. ನಮ್ಮಲ್ಲೂ ವಾಹನಗಳನ್ನು ಪರೀಕ್ಷಿಸುವ ಪುಣೆಯ ಎಆರ್‌ಎಐಯಂಥ ಸಂಸ್ಥೆಗಳು ಈ ಕೆಲಸ ಮಾಡಬಲ್ಲವು. ಮುದ್ರೆ ತೋರಿಸಿ ಆಮೇಲೆ ಒಳಗಿನ ಗ್ಲಾಸ್‌ವೂಲ್ ಕಿತ್ತುಹಾಕುವವರು ಇರುತ್ತಾರೆ ಎಂದರೆ, ಅದಕ್ಕೆ ಮೀಟರ್ ಇದೆ: ನಿಂತ ಕಾರಿನ ಎಂಜಿನ್ನನ್ನು ಗೊತ್ತಾದ ವೇಗಕ್ಕೆ ಏರಿಸಿ, ಪೈಪಿನ ತುದಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ ಹಿಡಿದರೆ ಅಳತೆ ಸಿಗುತ್ತದೆ. ಇಂಥ ಮೀಟರ್ ತಿಪಟೂರಿನ ಆರ್‌ಟಿಒ ಕಚೇರಿಯಲ್ಲೂ ಹುಳಿಯಾರಿನ ಪೊಲೀಸ್ ಠಾಣೆಯಲ್ಲೂ ಇರಲಿ, ರೆಸೊನೇಟರ್ ಕತ್ತರಿಸಿಕೊಟ್ಟ ಗ್ಯಾರೇಜಿನ ಮೇಲೂ ಮಾಲೀಕನ ಜೊತೆಗೇ ಪ್ರಕರಣ ದಾಖಲಾಗಲಿ.