ಹಕ್ಕಿ ಬಡಿದರೆ ಬರೆದಿಡಬೇಕು

ಭಾನುವಳ್ಳಿಯ ಕಡೆಯಿಂದ ಕಾಲೇಜಿಗೆ ಬರುವ ನಮ್ಮಂಥವರಿಗೆ ಹಕ್ಕಿ ಓಡಿಸುವುದು ಹೊಸ ವಿದ್ಯೆಯಲ್ಲ. ಜೋಳ ಹಾಲುಗಾಳಿನಲ್ಲಿದ್ದಾಗ ಅಟ್ಟಣೆಯ ಮೇಲೆ ನಿಂತು, ಕವಣೆ ಬೀಸಿ, ತಗಡಿನ ಡಬ್ಬ ಬಡಿದು, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವರು ನಾವು. ಆದುದರಿಂದ ದೊಡ್ಡ ದೊಡ್ಡ ವಿಮಾನ ನಿಲ್ದಾಣಗಳಲ್ಲಿಯೂ ಪಟಾಕಿ ಸಿಡಿಸಿ, ಹಕ್ಕಿಗಳ ಆರ್ತಧ್ವನಿಯನ್ನು ಧ್ವನಿವರ್ಧಕದಲ್ಲಿ ಕೇಳಿಸಿ, ಇದೇ ಕೆಲಸವನ್ನು ಸಂಬಳ ಕೊಟ್ಟು ಮಾಡಿಸುತ್ತಾರೆಂದು ಓದಿದಾಗ ನನಗೆ ನಗು ಬಂದಿತು. ನಗತಕ್ಕ ವಿಷಯವಲ್ಲವೆಂಬುದು ಅನಂತರ ತಿಳಿಯಿತು.

ಒಂದು ಕಿಲೋ ತೂಕದ ಹಕ್ಕಿ ಏನು ಮಹಾ ಎನ್ನಬಹುದು. ಆದರೆ ಗಂಟೆಗೆ 270 ಕಿಲೋಮೀಟರ್ ವೇಗದಲ್ಲಿರುವ ವಿಮಾನಕ್ಕೆ ಅದು ತಾಗಿದರೆ, 10 ಕಿಲೋ ಕಲ್ಲೊಂದು ಸುಮಾರು 29 ಮೀಟರ್ ಎತ್ತರದಿಂದ ಬಿದ್ದಷ್ಟು ಪೆಟ್ಟು. ವೇಗ ಇಮ್ಮಡಿಯಾದರೆ ಪೆಟ್ಟು ನಾಲ್ಮಡಿ. 1960ರ ಅಕ್ಟೋಬರ್ 4ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಮೇಲೇರುತ್ತಿದ್ದ ವಿಮಾನವೊಂದರ ಎಂಜಿನ್ನುಗಳಿಗೆ ಸಣ್ಣ ಹಕ್ಕಿಗಳ ಹಿಂಡು ನುಗ್ಗಿ 62 ಜನ ಸತ್ತರು. ಸಿಕ್ಕಿದ ಪುಕ್ಕದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಆ ಹಕ್ಕಿ ಸ್ಟಾರ್ಲಿಂಗ್ ಎಂದು ಗುರುತಿಸಿದವರು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ರಾಕ್ಸಿ ಲೇಬೋರ್ನ್ ಎಂಬ ಮಹಿಳೆ. ಸ್ಟಾರ್ಲಿಂಗ್ ಎಂದರೆ ನಮ್ಮ ಗೊರವಂಕದ ದಾಯಾದಿ! ಪುಕ್ಕ ನೋಡಿ ಕುಲ ಹೇಳುವ ಒಂದು ಶಾಸ್ತ್ರವೇ ಅಲ್ಲಿಂದ ಬೆಳೆಯಿತು.

ಹಕ್ಕಿ ಬಡಿದಾಗ ವಿಮಾನದವರು ಅನುಸರಿಸತಕ್ಕ ಕ್ರಮ ನನಗೆ ಬಹಳ ಹಿಡಿಸಿತು. ಓಟದಾರಿಯಲ್ಲಿ ಒಂದು ನಿರ್ದಿಷ್ಟ ವೇಗವುಂಟು. ಅದಕ್ಕಿಂತ ಮೊದಲಾದರೆ ನಿಲ್ಲಿಸಬಹುದು, ಅದನ್ನು ದಾಟಿದ ಮೇಲೆ ಏನೇ ಆದರೂ ಹಾರಲೇಬೇಕು, ಹಾರಿ ತಿರುಗಿ ಬರಬೇಕು. 2022ರ ಜೂನ್ 19ರಂದು ಪಾಟ್ನಾದಿಂದ ಹೊರಟ ವಿಮಾನದ ಎಡಗಡೆಯ ಎಂಜಿನ್ನಿಗೆ ಹಕ್ಕಿ ಬಡಿದು ಬೆಂಕಿ ಕಾಣಿಸಿಕೊಂಡಾಗ, ಕ್ಯಾಪ್ಟನ್ ಮೋನಿಕಾ ಖನ್ನಾ ಆ ಎಂಜಿನ್ನನ್ನು ನಿಲ್ಲಿಸಿ, ಉಳಿದೊಂದರಿಂದಲೇ ವಿಮಾನವನ್ನು ಹಿಂದಿರುಗಿಸಿ ಎಲ್ಲರನ್ನೂ ಇಳಿಸಿದರು. ಇನ್ನು ಪೆಟ್ಟು ಸಣ್ಣದಾಗಿ, ಒಳಗಿದ್ದವರಿಗೆ ತಿಳಿಯದೆಯೇ ಹೋದರೂ ಚಾಲಕನು ನಿಯಂತ್ರಣ ಗೋಪುರಕ್ಕೆ ಹೇಳಬೇಕು. ಮುಂದಿನ ವಿಮಾನಕ್ಕೆ ಅಡ್ಡಿಯಾಗದಂತೆ ಓಟದಾರಿಯನ್ನು ನೋಡಿ ಗುಡಿಸಬೇಕು. ಇಳಿದ ಮೇಲೆ ಎಂಜಿನಿಯರುಗಳು ರೆಕ್ಕೆಯ ಅಂಚು, ಮೂತಿ, ಎಂಜಿನ್ನಿನ ಅಲಗುಗಳನ್ನು ಪರೀಕ್ಷಿಸಬೇಕು. ರಕ್ತದ ಕಲೆಯನ್ನು ಕೂಡ ಒರೆಸಿ ಎಸೆಯದೆ ತೆಗೆದಿಟ್ಟರೆ, ಅದರಿಂದ ಹಕ್ಕಿಯ ಜಾತಿ ತಿಳಿಯುತ್ತದೆ. ಕೊನೆಗೆ ವರದಿಯು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ಹೋಗಬೇಕು.

ಹಾನಿಯೇ ಆಗದಿದ್ದಾಗ ವರದಿಯೇಕೆ ಎಂದು ಗೆಳೆಯನೊಬ್ಬ ಕೇಳಿದ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿಯೇ ಇದೆ. ಯಾವ ಹಕ್ಕಿ, ಯಾವ ತಿಂಗಳು, ಯಾವ ಹೊತ್ತು, ಓಟದಾರಿಯ ಯಾವ ತುದಿ ಎಂಬುದು ನೂರು ಸಲ ಬರೆದಿದ್ದರೆ ತಾನೆ, ಬಂದದ್ದು ಹುಲ್ಲಿನ ಹುಳುವಿಗೋ, ನಿಂತ ನೀರಿಗೋ, ಬೇಲಿಯಾಚೆಯ ತಿಪ್ಪೆಗೋ ಎಂದು ತಿಳಿಯುವುದು? ಹದ್ದಿಗೂ ಬೆಳ್ಳಕ್ಕಿಗೂ ಒಂದೇ ಮದ್ದಲ್ಲ. ಬರೆದವನಿಗೆ ಗದರಿಕೆ ಸಿಗುವ ಕಡೆ ಯಾರೂ ಬರೆಯುವುದಿಲ್ಲ. ಇದು ವಿಮಾನಕ್ಕೆ ಮಾತ್ರ ಸಲ್ಲುವ ಮಾತಲ್ಲ, ನಮ್ಮ ಹಾಸ್ಟೆಲಿನ ದೂರು ಪುಸ್ತಕವನ್ನು ತೆರೆದು ನೋಡಿದವರಿಗೆ ಗೊತ್ತು.

ನಮ್ಮ ನಾಡಿನಲ್ಲಿಯೇ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಯಲಹಂಕದ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನ ನಡೆದ 2023ರಲ್ಲಿ, ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಜನವರಿ 30ರಿಂದ ಫೆಬ್ರವರಿ 20ರವರೆಗೆ ಸುತ್ತಲಿನ 10 ಕಿಲೋಮೀಟರಿನೊಳಗೆ ಮಾಂಸದ ಮಾರಾಟವನ್ನೂ ಹೋಟೆಲುಗಳಲ್ಲಿ ಮಾಂಸದೂಟ ಬಡಿಸುವುದನ್ನೂ ನಿಷೇಧಿಸಿತು. 2025ರಲ್ಲಿ ಆ ಸುತ್ತಳತೆ 13 ಕಿಲೋಮೀಟರಿಗೆ ಏರಿತು. 2023ರಲ್ಲಿ ಆಧಾರವಾಗಿ ತೋರಿಸಿದ್ದು 1937ರ ವಿಮಾನ ನಿಯಮಗಳಲ್ಲಿ 91ನೆಯದು. ಆ ನಿಯಮ ತಡೆದದ್ದು ನಿಲ್ದಾಣದ ಸುತ್ತ ಪ್ರಾಣಿಗಳನ್ನು ಕಡಿಯುವುದನ್ನು, ಚರ್ಮ ಸುಲಿಯುವುದನ್ನು, ಹಕ್ಕಿಗಳನ್ನು ಸೆಳೆಯುವ ಕಸ ಎಸೆಯುವುದನ್ನು. ಹದ್ದು ಹೋಟೆಲಿನ ಮೇಜಿನ ಮೇಲಿನ ತಟ್ಟೆಗೆ ಬರುವುದಿಲ್ಲ, ಬೀದಿಯ ಮೂಲೆಯ ಕರುಳಿನ ರಾಶಿಗೆ ಬರುತ್ತದೆ. ಯುದ್ಧವಿಮಾನಗಳು ತಗ್ಗಿನಲ್ಲಿ ಹಾರುವಾಗ ಎಚ್ಚರ ಅಗತ್ಯವೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೂರು ವಾರ ಅಂಗಡಿ ಮುಚ್ಚಿದ ಬಡ ವ್ಯಾಪಾರಿಯ ಬಾಡಿಗೆಯನ್ನು ಯಾರು ಕೊಡಬೇಕು? ಅದರ ಬದಲು ವರ್ಷವಿಡೀ ಮುಚ್ಚಿದ ಬಂಡಿಯಲ್ಲಿ ತ್ಯಾಜ್ಯವನ್ನು ಸಾಗಿಸಿದ್ದರೆ ಹದ್ದಿಗೆ ಅಲ್ಲಿ ನೆಲೆಯೇ ಇರುತ್ತಿರಲಿಲ್ಲ. ಹದ್ದು ಪಂಚಾಂಗ ನೋಡಿ ಬರುವ ಹಕ್ಕಿಯಲ್ಲ.

ಶಿವಮೊಗ್ಗೆಯ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ, ದಾವಣಗೆರೆಗೂ ಒಂದು ಬೇಕೆಂಬ ಮಾತು ನಮ್ಮ ಕಡೆಯ ಚಹದಂಗಡಿಗಳಲ್ಲಿ ಬಿಸಿಯಾಗಿದೆ. ಬರಲಿ, ನನಗೂ ಆಸೆಯೇ. ಆದರೆ ಭದ್ರಾ ನಾಲೆಯ ನೀರುಂಡ ನಮ್ಮ ಗದ್ದೆಗಳಲ್ಲಿ ಉಳುವ ಎತ್ತಿನ ಹಿಂದೆ, ಈಗೀಗ ಟ್ರ್ಯಾಕ್ಟರಿನ ಹಿಂದೆ, ಬೆಳ್ಳಕ್ಕಿಗಳ ಮೆರವಣಿಗೆಯೇ ಇರುತ್ತದೆ. ಕೊಂಡಜ್ಜಿಯ ಕೆರೆಯಿದೆ, ದೇವರಬೆಳಕೆರೆಯ ನೀರಿದೆ. ಅವು ಬೆಳಿಗ್ಗೆ ಎಲ್ಲಿಂದ ಎದ್ದು ಸಂಜೆ ಎಲ್ಲಿಗೆ ಮರಳುತ್ತವೆಂಬುದನ್ನು ಯಾವ ಕಡತವನ್ನೂ ನೋಡದೆ ಹೇಳಬಲ್ಲ ಮುದುಕರು ನಮ್ಮೂರಿನಲ್ಲಿ ಇದ್ದಾರೆ. ನೆಲ ಅಳೆಯಲು ಸರಪಳಿ ಹಿಡಿದು ಬರುವ ಅಧಿಕಾರಿಗಳು ಮೊದಲು ಅವರ ಜಗುಲಿಯ ಮೇಲೆ ಒಂದು ಗಳಿಗೆ ಕುಳಿತು ಬರೆದುಕೊಳ್ಳಲಿ.