ಚುಕ್ಕೆ ಒಂದೇ, ಲೆಕ್ಕ ಬೇರೆ: ಆರು ಲಕ್ಷ ನುಂಗುವ ಭಿನ್ನರಾಶಿ!

ಮಂಡ್ಯ: ಪಹಣಿಯಲ್ಲಿ 2.20 ಅಂತ ಇದೆ. ಎಕರೆಗೆ ಇಪ್ಪತ್ತು ಲಕ್ಷದಂತೆ ಮಾತು ಮುಗಿದಿದೆ ಎಂದಿಟ್ಟುಕೊಳ್ಳಿ. ಒಟ್ಟು ಎಷ್ಟಾಯಿತು ಸ್ವಾಮಿ?

ಜೇಬಿನಿಂದ ಮೊಬೈಲ್ ತೆಗೆದು 2.20 ಇಂಟು 20 ಎಂದು ಒತ್ತುವ ಮಗನಿಗೆ 44 ಲಕ್ಷ ಬರುತ್ತದೆ. ಜಗುಲಿ ಮೇಲೆ ಕೂತ ಅಜ್ಜನನ್ನು ಕೇಳಿದರೆ, 'ಎರಡೂವರೆ ಎಕರೆ ಅಲ್ವೇನ್ಲಾ? ಐವತ್ತು ಲಕ್ಷ ಆಯ್ತು' ಅನ್ನುತ್ತಾನೆ. ಮಗ ಓದಿದವನು, ಅಜ್ಜ ಹೆಬ್ಬೆಟ್ಟು. ಆದರೆ ಅಜ್ಜ ಹೇಳಿದ್ದೇ ಸರಿ. ಪಹಣಿಯ ಆ ಚುಕ್ಕೆ ದಶಮಾಂಶದ ಚುಕ್ಕೆ ಅಲ್ಲ. ಎಡಗಡೆ ಎಕರೆ, ಬಲಗಡೆ ಗುಂಟೆ. ಎಕರೆಗೆ 40 ಗುಂಟೆ. ಹಾಗಾಗಿ 20 ಗುಂಟೆ ಅಂದರೆ ಅರ್ಧ ಎಕರೆ. ಮೊಬೈಲಿಗೆ ಇದು ಗೊತ್ತಿಲ್ಲ. ಅದು 100ಕ್ಕೆ 20 ಅಂದುಕೊಂಡು ಆರು ಲಕ್ಷ ನುಂಗಿ ಸುಮ್ಮನೆ ಕೂರುತ್ತದೆ.

ನೋಂದಣಿ ಕಚೇರಿಯವರಿಗೆ ಗುಂಟೆ ಲೆಕ್ಕ ಚೆನ್ನಾಗಿ ಗೊತ್ತು. ಆದರೆ ಜಮೀನಿನ ಮಾತುಕತೆ ನಡೆಯೋದು ಕಚೇರಿಯಲ್ಲಿ ಅಲ್ಲ, ಟೀ ಅಂಗಡಿ ಬೆಂಚಿನ ಮೇಲೆ. ಅಡ್ವಾನ್ಸ್ ಕೈ ಬದಲಾಯಿಸೋದೂ ಅಲ್ಲೇ. ಇನ್ನೊಂದು ಸಂಗತಿ ನೋಡಿ. ಗುಂಟೆಯನ್ನು ಎರಡು ಅಂಕಿಯಲ್ಲಿ ಬರೆದು ಹೀಗೆ ತಪ್ಪಾಗಿ ಒತ್ತಿದರೆ ನಷ್ಟ ಪ್ರತಿ ಸಲವೂ ಮಾರುವವನಿಗೇ. ನಲವತ್ತರಲ್ಲಿ ಇಪ್ಪತ್ತನ್ನು ನೂರರಲ್ಲಿ ಇಪ್ಪತ್ತು ಅಂತ ಮಾಡಿದರೆ ಜಮೀನು ಕುಗ್ಗುತ್ತದೆಯೇ ಹೊರತು ಹಿಗ್ಗುವುದಿಲ್ಲ. ಕೊಳ್ಳುವವನು ಯಾಕೆ ತಿದ್ದುತ್ತಾನೆ?

ಅಣ್ಣ ತಮ್ಮಂದಿರ ಪಾಲಿನಲ್ಲೂ ಇದೇ ಕಥೆ. ಒಂದು ಸರ್ವೆ ನಂಬರಿನಲ್ಲಿ 1.30, ಇನ್ನೊಂದರಲ್ಲಿ 1.25. ಮೊಬೈಲಿನಲ್ಲಿ ಕೂಡಿದರೆ 2.55. ಅಲ್ಲಾ ಸ್ವಾಮಿ, ಐವತ್ತೈದು ಗುಂಟೆ ಅಂದರೆ ಏನು? ನಲವತ್ತಕ್ಕೇ ಎಕರೆ ತುಂಬಿಹೋಯಿತಲ್ಲ! ಸರಿಯಾದ ಲೆಕ್ಕ 3 ಎಕರೆ 15 ಗುಂಟೆ.

ಎಷ್ಟರಲ್ಲಿ ಎಷ್ಟು?

ಇದು ಜಮೀನಿನ ಸುದ್ದಿ ಅಲ್ಲ, ಶಾಲೆಯ ಸುದ್ದಿ. ಹುಡುಗರು ಭಿನ್ನರಾಶಿ, ದಶಮಾಂಶ, ಆಮೇಲೆ ಬೀಜಗಣಿತ ಎಂದು ಐದಾರು ವರ್ಷ ಕಲಿಯುತ್ತಾರೆ. ಕಲಿತದ್ದು ಪರೀಕ್ಷೆಯಲ್ಲೂ ಕೈಕೊಡುತ್ತದೆ, ಪಹಣಿ ಮುಂದೆಯೂ ಕೈಕೊಡುತ್ತದೆ. ಎರಡಕ್ಕೂ ಕಾರಣ ಒಂದೇ. ಕೂಡು, ಕಳೆ, ತಿರುಗಿಸಿ ಗುಣಿಸು ಎಂಬ ನಿಯಮ ಬಾಯಿಗೆ ಬಂದಿದೆ. 'ಎಷ್ಟರಲ್ಲಿ ಎಷ್ಟು' ಎಂಬ ಪ್ರಶ್ನೆ ತಲೆಗೆ ಬಂದಿಲ್ಲ. ಗೆರೆಯ ಕೆಳಗಿನ ಛೇದ ಹೇಳುವುದು ಅದನ್ನೇ. ಅದು ಬಿಟ್ಟರೆ ಭಿನ್ನರಾಶಿಯಲ್ಲಿ ಉಳಿಯೋದು ಬರೀ ಅಂಕಿ.

ಹುಡುಗರಿಗೆ ತಲೆ ಇಲ್ಲ ಅನ್ನುವಂತಿಲ್ಲ. ಕ್ರಿಕೆಟ್ ಕೇಳಿ ನೋಡಿ. 4.5 ಓವರ್ ಆದಮೇಲೆ ಮುಂದಿನ ಬಾಲಿಗೆ 4.6 ಅಲ್ಲ, ಐದು ಓವರ್ ಪೂರ್ತಿ ಅಂತ ಐದನೇ ಕ್ಲಾಸಿನ ಪೋರನೂ ಹೇಳುತ್ತಾನೆ. 4.3 ಓವರಿಗೆ 45 ರನ್ ಆಗಿದ್ದರೆ ರನ್ ರೇಟ್ ಸರಿಯಾಗಿ ಹತ್ತು, ಯಾಕೆಂದರೆ ಅದು ನಾಲ್ಕೂವರೆ ಓವರ್. ಗಡಿಯಾರದಲ್ಲಿ 2.30 ಅಂದರೆ ಎರಡೂವರೆ ಗಂಟೆ ಅಂತಲೂ ಗೊತ್ತು. ಓವರಿಗೆ ಆರು, ಗಂಟೆಗೆ ಅರವತ್ತು, ಎಕರೆಗೆ ನಲವತ್ತು, ರೂಪಾಯಿಗೆ ನೂರು. ಚುಕ್ಕೆ ಒಂದೇ, ಅದರ ಆಚೆಯ ಲೆಕ್ಕ ಬೇರೆ ಬೇರೆ. ಮೈದಾನದಲ್ಲಿ ತಿಳಿದ ಈ ಮಾತು ಕ್ಲಾಸಿನ ಬಾಗಿಲಲ್ಲೇ ನಿಂತುಬಿಡುತ್ತದೆ, ಅಷ್ಟೆ.

ಅಜ್ಜನ ಕಾಲು ಮಗ್ಗಿ

ಅಜ್ಜನಿಗೆ ಇದು ಹೇಗೆ ಬಂತು? ಹಳೇ ಅಂಕಲಿಪಿ ಪುಸ್ತಕಗಳಲ್ಲಿ ಎರಡು ಮೂರರ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲರ ಮಗ್ಗಿಯೂ ಇರುತ್ತಿತ್ತು. ಶಾಲೆಗೆ ಹೋಗದವರಿಗೆ ಸಂತೆಯೇ ಶಾಲೆ. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ದಿನಾ ಬೆಳಗಾದರೆ ಭಿನ್ನರಾಶಿಯ ಜೊತೆಗೇ ಬದುಕು. ಎಂಟಾಣೆಗೆ ನಾಲ್ಕಾಣೆ ಸೇರಿಸಿದರೆ ಹನ್ನೆರಡಾಣೆ, ಅಂದರೆ ಅರ್ಧಕ್ಕೆ ಕಾಲು ಸೇರಿಸಿದರೆ ಮುಕ್ಕಾಲು. ಎರಡನ್ನೂ ಆಣೆ ಮಾಡಿಕೊಂಡು ಕೂಡಿದ್ದರಿಂದ ಲೆಕ್ಕ ಸಲೀಸು. ಮೇಷ್ಟ್ರು ಬೋರ್ಡಿನ ಮೇಲೆ ಲ.ಸಾ.ಅ. ಅಂತ ಬರೆಯುತ್ತಾರಲ್ಲ, ಅಜ್ಜನಿಗೆ ಆ ಆಣೆಯೇ ಲ.ಸಾ.ಅ.!

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು, ರೂಪಾಯಿಗೆ ನೂರು. ಅದರ ಹಿಂದೆಯೇ ಸೇರು ಹೋಗಿ ಕಿಲೋ, ಲೀಟರ್ ಬಂದವು. ಒಳ್ಳೆಯದೇ ಆಯಿತು. ಹದಿನಾರು, ಹನ್ನೆರಡು ಎಂದು ಗುಣಿಸುವ ತಾಪತ್ರಯ ತಪ್ಪಿತು, ಗುಮಾಸ್ತರ ಕೆಲಸ ಹಗುರಾಯಿತು. ಹಳೇದೆಲ್ಲ ಚಿನ್ನ ಅಂತ ಯಾರೂ ಹೇಳಬೇಕಾಗಿಲ್ಲ. ಆದರೆ ಆಣೆಯ ಜೊತೆಗೆ ಕಾಲು ಮಗ್ಗಿಯೂ ಹೊರಟುಹೋಯಿತು. ಕಾಲು ಕಿಲೋ ಎಂಬ ಮಾತು ಬಾಯಲ್ಲಿದೆ, 0.250 ಎಂಬ ಅಂಕಿ ತಕ್ಕಡಿಯ ಮೇಲಿದೆ. ಎರಡೂ ಒಂದೇ ಅಂತ ಹೇಳಿಕೊಡುವವರು ಕಡಿಮೆಯಾದರು. 2011ರ ಜೂನ್ ಕೊನೆಗೆ ನಾಲ್ಕಾಣೆಯೂ ಚಲಾವಣೆಯಿಂದ ಹೋದ ಮೇಲೆ, ಕಾಲು ರೂಪಾಯಿ ಹೇಗಿರುತ್ತದೆ ಅಂತ ಕೈಯಲ್ಲಿ ಹಿಡಿದು ನೋಡುವುದೂ ತಪ್ಪಿತು.

ಅಂಗಡಿಯವರಿಗೆ ಇದರ ಬಿಸಿ ಬೇಗ ತಟ್ಟುತ್ತದೆ. ಏಲಕ್ಕಿ ಕಿಲೋಗೆ 2,800 ರೂಪಾಯಿ ಎಂದಿಟ್ಟುಕೊಳ್ಳಿ. ತಕ್ಕಡಿಯಲ್ಲಿ 0.075 ಬಂದರೆ 75 ಗ್ರಾಂ, 210 ರೂಪಾಯಿ. ಸೊನ್ನೆ ಒಂದನ್ನು ಬಿಟ್ಟು 0.75 ಎಂದು ಒತ್ತಿದರೆ 2,100 ರೂಪಾಯಿ. ಗಿರಾಕಿ ಕೂಗಾಡುತ್ತಾನೆ, ಯಜಮಾನರು ಹುಡುಗನಿಗೆ ಬಯ್ಯುತ್ತಾರೆ. ಹುಡುಗ ಮಾತ್ರ ಎಲ್ಲಿ ತಪ್ಪಿತು ಅಂತ ತಿಳಿಯದೆ ಪಿಳಿಪಿಳಿ ನೋಡುತ್ತಾನೆ. ಬೈಗುಳದಿಂದ ದಶಮಾಂಶ ಬರೋದಿಲ್ಲ.

ಮೂರು ಗುಂಡಿ

ಹುಡುಗರು ಬೀಳುವ ಗುಂಡಿಗಳು ಎಲ್ಲ ಊರಲ್ಲೂ ಅವೇ.

ಮೊದಲನೇದು, 1/2ಕ್ಕೆ 1/3 ಸೇರಿಸು ಅಂದರೆ 2/5 ಅಂತ ಬರೆಯುವುದು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಬಿಟ್ಟ. ಆದರೆ ಐದರಲ್ಲಿ ಎರಡು ಅಂದರೆ ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧವೇ ಕರಗುತ್ತದೆಯೇ? ಅದೇ ಹುಡುಗನ ಮುಂದೆ ಒಂದು ಡಜನ್ ಬಾಳೆಹಣ್ಣು ಇಡಿ. ಅರ್ಧ ಅಂದರೆ ಆರು, ಮೂರರಲ್ಲೊಂದು ಪಾಲು ಅಂದರೆ ನಾಲ್ಕು. ಒಟ್ಟು ಹನ್ನೆರಡರಲ್ಲಿ ಹತ್ತು, ಅಂದರೆ 5/6. ಬಾಳೆಹಣ್ಣು ಎಣಿಸುವವನಿಗೆ ತಪ್ಪಾಗೋದಿಲ್ಲ.

ಎರಡನೇದು, 0.5ಕ್ಕೆ 0.25 ಸೇರಿಸಿ 0.30 ಅನ್ನುವುದು. ಐದೂ ಇಪ್ಪತ್ತೈದೂ ಮೂವತ್ತಲ್ಲವೇ ಅಂತ ಅವನ ವಾದ. ಅರ್ಧ ಕಿಲೋ ಬೇಳೆಗೆ ಕಾಲು ಕಿಲೋ ಸೇರಿಸಿದರೆ ಎಷ್ಟು ಅಂತ ಕೇಳಿದರೆ ಅದೇ ಬಾಯಿ ಮುಕ್ಕಾಲು ಅನ್ನುತ್ತದೆ.

ಮೂರನೇದು ಭಾಗಾಕಾರ. ಭಾಗಿಸಿದರೆ ಕಡಿಮೆಯಾಗಬೇಕು ಅಂತ ಹುಡುಗರು ನಂಬಿದ್ದಾರೆ. ಹತ್ತನ್ನು ಅರ್ಧದಿಂದ ಭಾಗಿಸಿದರೆ ಇಪ್ಪತ್ತು ಅಂದಾಗ ಗಾಬರಿ. ಬೆಲ್ಲದ ಊರಿನಲ್ಲಿ ಇದಕ್ಕೆ ಗಾಬರಿ ಯಾಕೆ? ಹತ್ತು ಕಿಲೋ ಬೆಲ್ಲವನ್ನು ಅರ್ಧರ್ಧ ಕಿಲೋ ಪೊಟ್ಟಣ ಕಟ್ಟಿ, ಎಷ್ಟಾಗುತ್ತದೆ ಎಣಿಸಿ. ಇಪ್ಪತ್ತೇ. 'ತಿರುಗಿಸಿ ಗುಣಿಸು' ಎಂಬ ಮಂತ್ರದ ಒಳಗುಟ್ಟು ಇಷ್ಟೇ.

ಈ ವಿದ್ಯೆ ಹೊರಗಿನಿಂದ ಬಂದದ್ದೂ ಅಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರ ಸಂಗ್ರಹ'ದಲ್ಲಿ ಬೇರೆ ಬೇರೆ ಛೇದದ ಭಿನ್ನರಾಶಿಗಳನ್ನು ಲ.ಸಾ.ಅ. ಹಿಡಿದು ಕೂಡುವ ದಾರಿ ಇದೆ. 12ನೇ ಶತಮಾನದ ರಾಜಾದಿತ್ಯ ವ್ಯಾಪಾರದ ಲೆಕ್ಕವನ್ನು ಕನ್ನಡದಲ್ಲೇ ಬರೆದ, 'ವ್ಯವಹಾರ ಗಣಿತ' ಅಂತ ಹೆಸರನ್ನೂ ಇಟ್ಟ.

ಎಕ್ಸ್ ಬಂದಮೇಲೆ

ಈ ಗುಂಡಿ ಮುಚ್ಚದೆ ಮೇಲಿನ ಕ್ಲಾಸಿಗೆ ಹೋದವನ ಗತಿ ಏನು? ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಇದು ಬೇಗ ಅರ್ಥವಾದೀತು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಹೋಗುವಾಗ ಒಂದು ವೇಗ. ಬರುವಾಗ ಸ್ಟಾಪು ಜಾಸ್ತಿ, ವೇಗ ಗಂಟೆಗೆ 15 ಕಿಲೋಮೀಟರ್ ಕಡಿಮೆ. ಹೋಗಿ ಬರಲು ಬಸ್ಸಿನಲ್ಲಿ ಕಳೆದದ್ದು ಎರಡೂವರೆ ಗಂಟೆ. ಹೋಗುವಾಗ ವೇಗ ಎಷ್ಟಿತ್ತು?

ಹತ್ತನೇ ತರಗತಿಯಲ್ಲಿ ಬರುವುದು ಇಂಥ ಲೆಕ್ಕವೇ. ಗೊತ್ತಿಲ್ಲದ ವೇಗಕ್ಕೆ ಎಕ್ಸ್ ಅನ್ನಿ. ಹೋಗುವ ಹೊತ್ತು 45/ಎಕ್ಸ್, ಬರುವ ಹೊತ್ತು 45/(ಎಕ್ಸ್-15), ಎರಡೂ ಸೇರಿ ಎರಡೂವರೆ. ಎರಡು ಭಿನ್ನರಾಶಿ, ಎರಡು ಬೇರೆ ಛೇದ. ಕೂಡಬೇಕಾದರೆ ಇಬ್ಬರಿಗೂ ಹೊಂದುವ ಒಂದು 'ಡಜನ್' ಬೇಕು. ಇಲ್ಲಿ ಅದು ಎಕ್ಸ್ ಇಂಟು (ಎಕ್ಸ್-15). ಅದರಿಂದ ಎಲ್ಲವನ್ನೂ ಗುಣಿಸಿದರೆ ಗೆರೆಗಳು ಹೋಗಿ ವರ್ಗ ಸಮೀಕರಣ ಉಳಿಯುತ್ತದೆ. ಉತ್ತರ ಎರಡು ಬರುತ್ತವೆ: 45 ಮತ್ತು 6. ಆರು ಅಂದರೆ ವಾಪಸು ಬರುವ ವೇಗ ಸೊನ್ನೆಗಿಂತ ಕೆಳಗೆ, ಬಸ್ಸು ಹಿಂದಕ್ಕೆ ಓಡಬೇಕು! ಅದನ್ನು ಬಿಟ್ಟುಬಿಡಿ. ಹೋಗುವಾಗ 45, ಒಂದು ಗಂಟೆ. ಬರುವಾಗ 30, ಒಂದೂವರೆ ಗಂಟೆ. ಸರಿಹೋಯಿತು. ಒಟ್ಟಾರೆ ಸರಾಸರಿ ವೇಗ ಕೇಳಿದರೆ 45 ಮತ್ತು 30ರ ನಡುವಿನ ಮೂವತ್ತೇಳೂವರೆ ಅಂತ ಹೇಳಬೇಡಿ. 90 ಕಿಲೋಮೀಟರನ್ನು ಎರಡೂವರೆ ಗಂಟೆಯಿಂದ ಭಾಗಿಸಿದರೆ 36.

ಬಾಳೆಹಣ್ಣಿನ ಡಜನ್ ತಿಳಿಯದವನಿಗೆ ಈ ಎಕ್ಸಿನ ಡಜನ್ ಹೇಗೆ ತಿಳಿದೀತು? ಅವನು ಕಣ್ಣಿಗೆ ಕಂಡದ್ದನ್ನೆಲ್ಲ ಹೊಡೆದುಹಾಕಲು ಶುರುಮಾಡುತ್ತಾನೆ. (ಎಕ್ಸ್+6)/6 ಕಂಡರೆ ಮೇಲಿನ ಆರು, ಕೆಳಗಿನ ಆರು ಹೊಡೆದು ಎಕ್ಸ್ ಅಂತ ಬರೆಯುತ್ತಾನೆ. ಎಕ್ಸ್ ಜಾಗದಲ್ಲಿ 12 ಇಟ್ಟು ನೋಡಿ. ಹದಿನೆಂಟು ರೂಪಾಯಿಯನ್ನು ಆರು ಜನಕ್ಕೆ ಹಂಚಿದರೆ ತಲೆಗೆ ಮೂರು. ಇವನ ಲೆಕ್ಕದಲ್ಲಿ ತಲೆಗೆ ಹನ್ನೆರಡು! ಗುಣಿಸಿ ಸೇರಿಕೊಂಡದ್ದನ್ನು ಹೊಡೆಯಬಹುದು, ಕೂಡಿ ಸೇರಿಕೊಂಡದ್ದನ್ನು ಹೊಡೆಯುವಂತಿಲ್ಲ. ಅಂಕಿ ಇಟ್ಟು ಪರೀಕ್ಷೆ ಮಾಡುವ ಅಭ್ಯಾಸ ಒಂದಿದ್ದರೆ ಹುಡುಗ ತಾನೇ ತಪ್ಪು ಹಿಡಿಯುತ್ತಾನೆ.

ಬಾಗಿಲು ಮುಚ್ಚಿದ ವರ್ಷ

ಮಕ್ಕಳನ್ನೇ ದೂರಿ ಫಲವಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆಗಳಿಗೆ ಬೀಗ ಬಿತ್ತು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯವರು ಮತ್ತೆ ಶಾಲೆಯೊಳಗೆ ಕೂತದ್ದು 2021ರ ಅಕ್ಟೋಬರ್ ಕೊನೆಗೆ. ಭಿನ್ನರಾಶಿ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ ಮಕ್ಕಳು ಮನೆಯಲ್ಲಿದ್ದರು. 2020-21ರಲ್ಲಿ ಐದನೇ ತರಗತಿಯಲ್ಲಿದ್ದವರು 2025-26ರಲ್ಲಿ ಎಸ್ಸೆಸ್ಸೆಲ್ಸಿಗೆ ಬಂದವರು. ಪಾಠ ಮುಂದೆ ಹೋಯಿತು, ಪಾಯ ಹಿಂದೆ ಉಳಿಯಿತು.

ಇಡೀ ದೇಶದ ಪರಿಸ್ಥಿತಿಯೂ ಹೊಗಳುವಂತಿಲ್ಲ. 'ಪ್ರಥಮ್' ಸಂಸ್ಥೆಯ 2023ರ 'ಅಸರ್' ಸಮೀಕ್ಷೆಯಲ್ಲಿ 14ರಿಂದ 18 ವಯಸ್ಸಿನ ಗ್ರಾಮೀಣ ಮಕ್ಕಳ ಪೈಕಿ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಸರಿಯಾಗಿ ಭಾಗಿಸಿದವರು ಶೇಕಡಾ 43.3. ಭಾಗಾಕಾರವೇ ಬಾರದವನಿಗೆ ಭಿನ್ನರಾಶಿ ಎಲ್ಲಿಂದ ಬಂದೀತು?

2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಮಾಡಿದರು. ಬಿದ್ದವನಿಗೆ ಏಳಲು ಅವಕಾಶ ಸಿಕ್ಕಿತು, ಸಂತೋಷ. ಆದರೆ ಅದೇ ಗುಂಡಿಗೆ ಮೂರು ಸಲ ಬೀಳಿಸುವುದು ಉಪಕಾರವೇ? ಗಣಿತ ಹೋಯಿತೆಂದು ಓದನ್ನೇ ಬಿಡುವ ಹುಡುಗ ಗ್ಯಾರೇಜಿಗೋ ಅಂಗಡಿಗೋ ಹೋಗಿ ನಿಲ್ಲುತ್ತಾನೆ. ಅಲ್ಲೂ ಅವನನ್ನು ಕಾಡುವುದು ಅದೇ ಕಾಲು, ಅದೇ ಮುಕ್ಕಾಲು.

ದೊಡ್ಡ ಯೋಜನೆ ಬೇಕಿಲ್ಲ

ಎಂಟನೇ ತರಗತಿಯ ಶುರುವಿನಲ್ಲಿ ಎರಡು ವಾರ ಹೊಸ ಪಾಠ ನಿಲ್ಲಿಸಿ, ಬರೀ ಭಿನ್ನರಾಶಿ, ದಶಮಾಂಶ ಮಾಡಿಸಿದರೆ ಆಕಾಶ ಬೀಳೋದಿಲ್ಲ. ಪಹಣಿ, ತಕ್ಕಡಿ, ಬಸ್ಸಿನ ವೇಳೆ, ಕ್ರಿಕೆಟ್ ಓವರ್, ಇವೇ ಪಾಠೋಪಕರಣ. ಖರ್ಚಿಲ್ಲ. 'ಸಿಲಬಸ್ ಮುಗಿಸದಿದ್ದರೆ ಮೇಲಿನವರು ಕೇಳ್ತಾರೆ' ಎಂದು ಅಂಜುವ ಮೇಷ್ಟ್ರಿಗೆ, 'ಪರವಾಗಿಲ್ಲ, ಎರಡು ವಾರ ತಗೊಳ್ಳಿ' ಎಂದು ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಒಂದು ಸುತ್ತೋಲೆ ಕಳಿಸಿದರೆ ಸಾಕು. ಶಾಲಾಭಿವೃದ್ಧಿ ಸಮಿತಿಯವರು ಕಾಂಪೌಂಡು, ಸುಣ್ಣ ಬಣ್ಣದ ಜೊತೆಗೆ ಇದನ್ನೂ ಒಂದು ಮಾತು ಕೇಳಲಿ.

ಅಂಗಡಿಯವರೂ ಕೈಜೋಡಿಸಬಹುದು. ಚಿಲ್ಲರೆ ಕೊಡುವ ಮುಂಚೆ 'ಮುಕ್ಕಾಲು ಕಿಲೋಗೆ ಎಷ್ಟಾಯ್ತೋ ಮರಿ?' ಅಂತ ಮಗುವನ್ನು ಒಂದು ಸಲ ಕೇಳಿ. ಮಿಷನ್ ಒತ್ತುವ ಮುಂಚೆ ಬಾಯಲ್ಲಿ ಅಂದಾಜು ಬರಲಿ. ಅಂದಾಜು ಇದ್ದವನಿಗೆ ಮಿಷನ್ ಮೋಸ ಮಾಡೋದಿಲ್ಲ.

ಜಮೀನು ಮಾರುವವರಿಗೆ ಇನ್ನೂ ಸುಲಭದ ದಾರಿ ಇದೆ. ಎಲ್ಲವನ್ನೂ ಗುಂಟೆ ಮಾಡಿಕೊಳ್ಳಿ. ಎಕರೆಗೆ ಇಪ್ಪತ್ತು ಲಕ್ಷ ಅಂದರೆ ಗುಂಟೆಗೆ ಐವತ್ತು ಸಾವಿರ. 2.20 ಅಂದರೆ ನೂರು ಗುಂಟೆ. ಆಮೇಲೆ ಮೊಬೈಲ್ ಒತ್ತಿ, ಯಾರೂ ಬೇಡ ಅನ್ನೋದಿಲ್ಲ. ಮನೆಯಲ್ಲಿ ಅಜ್ಜ ಇದ್ದರೆ ಅವನನ್ನೂ ಒಂದು ಮಾತು ಕೇಳಿ. ಅಜ್ಜ ಇರುವಾಗಲೇ ಮೊಮ್ಮಗನಿಗೆ ಆ ಕಾಲು ಮಗ್ಗಿ ಕಲಿಸಿಬಿಡಿ. ನಾಳೆ ಪಹಣಿ ಅವನ ಹೆಸರಿಗೇ ಬರುವುದಲ್ಲವೇ?